ಲಿಥಿಯಂ ಬ್ಯಾಟರಿ ನಡೆದು ಬಂದ ದಾರಿ

ಟ್ರಾನ್ಸಿಸ್ಟರ್ ರೇಡಿಯೋ ಇದ್ದ ಮನೆಗಳಲ್ಲಿ ಬೆಳೆದವರಿಗೆ ಒಂದು ದೃಶ್ಯ ನೆನಪಿರಬಹುದು. ವಾರ್ತೆಯ ನಡುವೆ ದನಿ ಸಣ್ಣದಾಗುತ್ತಾ ಬಂದು ಗೊರಗೊರ ಎನ್ನತೊಡಗಿದಾಗ ಮನೆಯ ಹಿರಿಯರು ರೇಡಿಯೋದ ಹಿಂಬದಿಯ ಮುಚ್ಚಳ ತೆಗೆದು, ಸೆಲ್ಲುಗಳನ್ನು ಜಗಲಿಯ ಮೇಲೆ ಬಿಸಿಲಿಗೆ ಇಡುತ್ತಿದ್ದರು. ಸಂಜೆ ಮತ್ತೆ ಹಾಕಿದರೆ ಒಂದೆರಡು ದಿನದ ಮಟ್ಟಿಗೆ ಹಾಡು ಕೇಳಿಸುತ್ತಿತ್ತು. ಆಮೇಲೆ ಆ ಸೆಲ್ಲುಗಳು ಮಕ್ಕಳ ಆಟದ ಸಾಮಾನಾಗುತ್ತಿದ್ದವು. ಸೆಲ್ಲು ಎಂದರೆ ಒಮ್ಮೆ ತೀರಿದ ಮೇಲೆ ತೀರಿತು ಎಂಬುದು ನಮಗೆಲ್ಲ ಗೊತ್ತಿದ್ದ ಮಾತು.

ಇಂದು ಹೊಸೂರಿನ ರಸ್ತೆಯ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಹೊಗೆಯಿಲ್ಲದೆ, ಸದ್ದಿಲ್ಲದೆ ಸ್ಕೂಟರುಗಳು ಪಕ್ಕದಲ್ಲಿ ಹಾದುಹೋಗುತ್ತವೆ. ಅಂತಹ ಸ್ಕೂಟರುಗಳು ಆ ಊರಿನ ಕಾರ್ಖಾನೆಗಳಲ್ಲೇ ತಯಾರಾಗುತ್ತಿವೆ. ಅವುಗಳ ಹೊಟ್ಟೆಯಲ್ಲಿರುವುದೂ ಸೆಲ್ಲುಗಳೇ. ಆದರೆ ಇವು ರಾತ್ರಿ ಶಕ್ತಿ ತುಂಬಿಕೊಂಡು ಹಗಲು ದುಡಿದು, ಮತ್ತೆ ರಾತ್ರಿ ತುಂಬಿಕೊಳ್ಳುವ ಲಿಥಿಯಂ ಸೆಲ್ಲುಗಳು. ಹೀಗೆ ಸಾವಿರ ಸಲ ಮಾಡಿದರೂ ಅವುಗಳ ಕಸುವು ಪೂರ್ತಿ ಇಳಿಯುವುದಿಲ್ಲ. ಈ ಸೆಲ್ಲು ಎಲ್ಲಿಂದ ಬಂತು, ಯಾರು ಮಾಡಿದರು, ಅದಕ್ಕೆ ಅರ್ಧ ಶತಮಾನ ಏಕೆ ಬೇಕಾಯಿತು? ಬನ್ನಿ, ಆ ಕಥೆಯನ್ನು ಮೊದಲಿಂದ ನೋಡೋಣ.

ಹೊಸದೆಂದು ನಾವು ತಿಳಿದಿರುವ ವಿದ್ಯುತ್ ವಾಹನ ನಿಜಕ್ಕೂ ಹಳೆಯದು. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು ಕಂಡುಹಿಡಿದರು. ಮರಳಿ ತುಂಬಬಹುದಾದ ಮೊದಲ ಬ್ಯಾಟರಿ ಅದು. 1899ರಲ್ಲಿ ಬೆಲ್ಜಿಯಂ ದೇಶದ ಕಾಮಿಲ್ ಜೆನಾಟ್ಜಿ ಎಂಬವರು ಗಂಟೆಗೆ ನೂರು ಕಿಲೋಮೀಟರ್ ವೇಗವನ್ನು ಮೊಟ್ಟಮೊದಲು ದಾಟಿದ್ದು ಪೆಟ್ರೋಲ್ ಗಾಡಿಯಲ್ಲಲ್ಲ, ಬ್ಯಾಟರಿ ಗಾಡಿಯಲ್ಲಿ. 1900ರ ಸುಮಾರಿಗೆ ಅಮೆರಿಕದ ಮೋಟಾರುಗಳಲ್ಲಿ ಸುಮಾರು ಮೂರನೇ ಒಂದು ಪಾಲು ವಿದ್ಯುತ್ತಿನಿಂದ ಓಡುತ್ತಿದ್ದವು. ಆಮೇಲೆ ಹೆನ್ರಿ ಫೋರ್ಡ್ ಅವರ ಅಗ್ಗದ ಕಾರು ಬಂತು. 1912ರಲ್ಲಿ ಕೈಯಿಂದ ಹ್ಯಾಂಡಲ್ ತಿರುಗಿಸದೆ ಎಂಜಿನ್ ಚಾಲೂ ಮಾಡುವ ಸಾಧನವೂ ಬಂತು. ಬ್ಯಾಟರಿ ಗಾಡಿ ಮೂಲೆ ಸೇರಿತು.

ಸೋಲಿಗೆ ಮುಖ್ಯ ಕಾರಣ ತೂಕ. ನಮ್ಮ ಕರೆಂಟು ಬಿಲ್ಲಿನಲ್ಲಿ ‘ಯೂನಿಟ್’ ಎಂಬ ಲೆಕ್ಕವಿದೆಯಲ್ಲ, ಅದನ್ನೇ ಹಿಡಿದು ಅಳೆಯೋಣ. ಸೀಸದ ಬ್ಯಾಟರಿಯಲ್ಲಿ ಒಂದು ಯೂನಿಟ್ ವಿದ್ಯುತ್ ತುಂಬಿಡಲು ಸುಮಾರು 25ರಿಂದ 30 ಕಿಲೋ ಭಾರ ಹೊರಬೇಕು. ಒಂದು ಕಿಲೋ ಪೆಟ್ರೋಲಿನಲ್ಲಾದರೋ 12 ಯೂನಿಟ್ಟಿನಷ್ಟು ಶಕ್ತಿ ಅಡಗಿದೆ. ಎಂಜಿನ್ನು ಅದರ ಬಹುಪಾಲನ್ನು ಬಿಸಿಯಾಗಿ ಪೋಲು ಮಾಡಿದರೂ ಪೆಟ್ರೋಲಿನದೇ ಗೆಲುವು. ಎತ್ತು ತಾನು ತಿನ್ನುವ ಹುಲ್ಲಿನ ಮೆದೆಯನ್ನೇ ಬೆನ್ನ ಮೇಲೆ ಹೊತ್ತು ನಡೆದಂತಿತ್ತು ಬ್ಯಾಟರಿ ಗಾಡಿಯ ಪಾಡು.

ಹಗುರವಾದ ಬ್ಯಾಟರಿ ಬೇಕೆಂದರೆ ಹಗುರವಾದ ಲೋಹ ಬೇಕು. ಲೋಹಗಳಲ್ಲೆಲ್ಲ ಹಗುರವಾದುದು ಲಿಥಿಯಂ. ಸ್ವೀಡನ್ನಿನ ಯೊಹಾನ್ ಆಗಸ್ಟ್ ಆರ್ಫ್‌ವೆಡ್ಸನ್ 1817ರಲ್ಲಿ ಒಂದು ಬಗೆಯ ಕಲ್ಲಿನಲ್ಲಿ ಇದನ್ನು ಗುರುತಿಸಿದರು. ಗ್ರೀಕ್ ಭಾಷೆಯಲ್ಲಿ ‘ಲಿಥೋಸ್’ ಎಂದರೆ ಕಲ್ಲು. ಈ ಲೋಹ ನೀರಿಗಿಂತಲೂ ಹಗುರ. ಎಣ್ಣೆಯ ಮೇಲೂ ತೇಲುತ್ತದೆ. ತನ್ನಲ್ಲಿರುವ ಎಲೆಕ್ಟ್ರಾನನ್ನು ಬಿಟ್ಟುಕೊಡಲು ಸದಾ ತವಕಿಸುತ್ತದೆ. ಬ್ಯಾಟರಿಗೆ ಬೇಕಾದ ಗುಣ ಇದೇ. ಅಪಾಯದ ಗುಣವೂ ಇದೇ. ನೀರು ತಾಕಿದರೆ ಕೂಡಲೇ ಕೆರಳುವ ಲೋಹ ಇದು. ಹೀಗಾಗಿ ಲಿಥಿಯಂ ಬ್ಯಾಟರಿಯ ಚರಿತ್ರೆಯೆಂದರೆ ಒಂದು ಕಡೆ ಹೆಚ್ಚು ಶಕ್ತಿಯ ಆಸೆ, ಇನ್ನೊಂದು ಕಡೆ ಬೆಂಕಿಯ ಭಯ, ಇವೆರಡರ ನಡುವಿನ ಜಗ್ಗಾಟದ ಚರಿತ್ರೆ.

ಈ ಜಗ್ಗಾಟ ಆರಂಭವಾದದ್ದು ಒಂದು ಎಣ್ಣೆ ಕಂಪನಿಯಲ್ಲಿ ಎಂದರೆ ನಿಮಗೆ ಆಶ್ಚರ್ಯವಾದೀತು. ಅಮೆರಿಕದ ಎಕ್ಸಾನ್ ಕಂಪನಿಗೆ ಪೆಟ್ರೋಲಿಯಂ ಎಂದಾದರೊಂದು ದಿನ ಮುಗಿದುಹೋದೀತೆಂಬ ಚಿಂತೆಯಿತ್ತು. 1972ರಲ್ಲಿ ಅದು ಇಂಗ್ಲೆಂಡಿನಲ್ಲಿ ಹುಟ್ಟಿದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಎಂಬ ತರುಣ ರಸಾಯನವಿಜ್ಞಾನಿಯನ್ನು ಕೆಲಸಕ್ಕೆ ಸೇರಿಸಿಕೊಂಡಿತು. ಮರುವರ್ಷವೇ ಅರಬ್ ದೇಶಗಳು ತೈಲ ಪೂರೈಕೆ ತಡೆದವು. ಅಮೆರಿಕದ ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳ ಸಾಲು ಬೆಳೆಯಿತು. ವಿದ್ಯುತ್ ಕಾರಿನ ಮಾತು ಮತ್ತೆ ಎದ್ದಿತು.

ವಿಟಿಂಗ್‌ಹ್ಯಾಮ್ ಕಂಡುಕೊಂಡ ಉಪಾಯ ಸರಳವಾದುದು. ಟೈಟಾನಿಯಂ ಡೈಸಲ್ಫೈಡ್ ಎಂಬ ವಸ್ತುವಿನಲ್ಲಿ ಪರಮಾಣುಗಳು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಕೂತಿರುತ್ತವೆ. ಲಿಥಿಯಂನ ಅಯಾನುಗಳು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಕಣಗಳು, ಆ ಹಾಳೆಗಳ ನಡುವೆ ನುಸುಳಿ ಕೂರಬಲ್ಲವು. ವಿದ್ಯುತ್ ತಿರುಗಿಸಿ ಕೊಟ್ಟರೆ ಬಂದ ದಾರಿಯಲ್ಲೇ ಹೊರಟುಹೋಗಬಲ್ಲವು. ಪುಸ್ತಕ ಮಾತ್ರ ಹರಿಯುವುದಿಲ್ಲ. ರೇಡಿಯೋದ ಹಳೆಯ ಸೆಲ್ಲಿನಲ್ಲಿ ಒಳಗಿನ ವಸ್ತುಗಳೇ ಬದಲಾಗಿಹೋಗುತ್ತಿದ್ದವು. ಇಲ್ಲಿ ಮನೆ ಹಾಗೆಯೇ ಇರುತ್ತದೆ, ಅತಿಥಿ ಬಂದು ಹೋಗುತ್ತಾನೆ. ಮರಳಿ ತುಂಬುವುದರ ಗುಟ್ಟೆಲ್ಲ ಇಷ್ಟೇ. ಈ ಬ್ಯಾಟರಿ ಎರಡು ವೋಲ್ಟಿಗಿಂತ ತುಸು ಹೆಚ್ಚು ಒತ್ತಡ ಕೊಟ್ಟಿತು. 1977ರಲ್ಲಿ ಶಿಕಾಗೋದ ವಿದ್ಯುತ್ ವಾಹನ ಪ್ರದರ್ಶನದಲ್ಲಿ ಎಕ್ಸಾನ್ ಅದನ್ನು ಜನರ ಮುಂದಿಟ್ಟಿತು. ಕಾರಿಗಾಗಿಯೇ ಹುಟ್ಟಿದ ಕೂಸು ಅದು.

ಆದರೆ ಅದರ ಋಣ ತುದಿಯಲ್ಲಿದ್ದುದು ಲಿಥಿಯಂ ಲೋಹ. ಬ್ಯಾಟರಿಯನ್ನು ಮತ್ತೆ ಮತ್ತೆ ತುಂಬಿದಾಗ ಲಿಥಿಯಂ ಸಮನಾಗಿ ಕೂರದೆ ಸಣ್ಣ ಸಣ್ಣ ಎಳೆಗಳಾಗಿ ಬೆಳೆಯುತ್ತಿತ್ತು. ಗೋಡೆಯ ಸಂದಿನಲ್ಲಿ ಹುಟ್ಟಿದ ಅರಳಿಯ ಬೇರು ಹೇಗೆ ಗೋಡೆಯನ್ನೇ ಸೀಳಿ ಆಚೆ ಹೊರಡುತ್ತದೋ ಹಾಗೆ ಆ ಎಳೆಗಳು ನಡುವಿನ ತೆಳು ಪರದೆಯನ್ನು ತೂರಿ ಎದುರು ತುದಿಯನ್ನು ಮುಟ್ಟುತ್ತಿದ್ದವು. ಮುಟ್ಟಿದರೆ ಶಾರ್ಟ್ ಸರ್ಕ್ಯೂಟ್, ಬಿಸಿ, ಬೆಂಕಿ. ಎಕ್ಸಾನ್ ಪ್ರಯೋಗಾಲಯಕ್ಕೆ ಅಗ್ನಿಶಾಮಕ ದಳದವರು ಹಲವು ಸಲ ಬರಬೇಕಾಯಿತು. ಲಿಥಿಯಂ ಬೆಂಕಿ ಆರಿಸುವ ವಿಶೇಷ ರಾಸಾಯನಿಕಗಳ ಖರ್ಚನ್ನು ನಿಮ್ಮಿಂದಲೇ ವಸೂಲು ಮಾಡುತ್ತೇವೆಂದು ಅವರು ಎಚ್ಚರಿಸಿದ್ದೂ ಉಂಟು. ಲೋಹಕ್ಕೆ ಅಲ್ಯೂಮಿನಿಯಂ ಬೆರೆಸಿ ಪಳಗಿಸಲು ನೋಡಿದರು. ಅಷ್ಟರಲ್ಲಿ 1980ರ ದಶಕದ ಆರಂಭದಲ್ಲಿ ಎಣ್ಣೆಯ ಬೆಲೆ ಇಳಿಯಿತು. ಬೆಲೆಯೊಂದಿಗೆ ಕಂಪನಿಯ ಆಸಕ್ತಿಯೂ ಇಳಿಯಿತು, ಕೆಲಸ ನಿಂತಿತು. ಇಂಧನದ ಚಿಂತೆ ನಮ್ಮನ್ನು ಕಾಡುವುದು ಬಂಕಿನ ಮುಂದೆ ಸಾಲು ಇರುವಷ್ಟು ದಿನ ಮಾತ್ರ ಎಂಬುದಕ್ಕೆ ಇದೊಂದು ಉದಾಹರಣೆ.

ಕಥೆಯ ಮುಂದಿನ ಭಾಗ ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಸಾಗುತ್ತದೆ. 1976ರಲ್ಲಿ ಅಮೆರಿಕದಿಂದ ಅಲ್ಲಿಗೆ ಬಂದ ಪ್ರಾಧ್ಯಾಪಕ ಜಾನ್ ಗುಡ್‌ಇನಫ್ ಅವರಿಗೆ ಆಗಲೇ ಐವತ್ತು ದಾಟಿತ್ತು. ಗಂಧಕದ ಬದಲು ಆಮ್ಲಜನಕ ಸೇರಿದ ವಸ್ತುವನ್ನು ಬಳಸಿದರೆ ಹೆಚ್ಚು ವೋಲ್ಟ್ ಸಿಗಬೇಕು ಎಂದು ಅವರು ಲೆಕ್ಕ ಹಾಕಿದರು. ಜಪಾನಿನಿಂದ ಬಂದಿದ್ದ ಕೋಯಿಚಿ ಮಿಜುಶಿಮಾ ಮೊದಲಾದ ಸಂಗಡಿಗರೊಂದಿಗೆ 1980ರಲ್ಲಿ ಅವರು ಲಿಥಿಯಂ ಕೋಬಾಲ್ಟ್ ಆಕ್ಸೈಡನ್ನು ಮುಂದಿಟ್ಟರು. ಒತ್ತಡ ನಾಲ್ಕು ವೋಲ್ಟಿಗೆ ಏರಿತು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿತ್ತು. ಈ ವಸ್ತುವಿನಲ್ಲಿ ಲಿಥಿಯಂ ಮೊದಲೇ ಸೇರಿಕೊಂಡು ಶಾಂತವಾಗಿ ಕೂತಿದ್ದುದರಿಂದ, ಎದುರು ತುದಿಯಲ್ಲಿ ಕೆರಳುವ ಲೋಹ ಇರಲೇಬೇಕೆಂಬ ಕಟ್ಟು ತಪ್ಪಿತು. ಈ ಸಂಶೋಧನೆಗೆ ಪೇಟೆಂಟ್ ಪಡೆಯಲು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮನಸ್ಸು ಮಾಡಲಿಲ್ಲ. ಕೊನೆಗೆ ಹಕ್ಕು ಹಾರ್ವೆಲ್‌ನಲ್ಲಿದ್ದ ಬ್ರಿಟನ್ನಿನ ಪರಮಾಣು ಶಕ್ತಿ ಸಂಶೋಧನಾ ಸಂಸ್ಥೆಗೆ ಸೇರಿತು. ಮುಂದೆ ಕೋಟಿಗಟ್ಟಲೆ ಬ್ಯಾಟರಿಗಳು ಮಾರಾಟವಾದಾಗ ಗುಡ್‌ಇನಫ್ ಅವರಿಗೆ ಅದರಿಂದ ರಾಯಧನ ಬರಲಿಲ್ಲ.

ಧನ ತುದಿ ಸಿಕ್ಕಿತು, ಋಣ ತುದಿ ಯಾವುದು? ಮೊರಾಕೋದಲ್ಲಿ ಹುಟ್ಟಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ದುಡಿಯುತ್ತಿದ್ದ ರಶೀದ್ ಯಾಜ಼ಮಿ, ಗ್ರ್ಯಾಫೈಟಿನ ಪದರಗಳ ನಡುವೆಯೂ ಲಿಥಿಯಂ ಬಂದು ಹೋಗಬಲ್ಲದೆಂದು 1980ರ ದಶಕದ ಆರಂಭದಲ್ಲಿ ತೋರಿಸಿದರು. ಜಪಾನಿನ ಅಸಾಹಿ ಕಾಸೈ ಕಂಪನಿಯ ಅಕಿರಾ ಯೋಶಿನೊ ಬೇರೊಂದು ದಾರಿಯಲ್ಲಿ ಹೊರಟು, ಕೊನೆಗೆ ಪೆಟ್ರೋಲಿಯಂನಿಂದ ಬರುವ ಕೋಕ್ ಎಂಬ ಇಂಗಾಲವನ್ನು ಹಿಡಿದರು. 1985ರಲ್ಲಿ ಇಂಗಾಲವನ್ನು ಒಂದು ತುದಿಗೆ, ಗುಡ್‌ಇನಫ್ ಅವರ ಕೋಬಾಲ್ಟ್ ಆಕ್ಸೈಡನ್ನು ಇನ್ನೊಂದು ತುದಿಗೆ ಇಟ್ಟು ಬ್ಯಾಟರಿ ಕಟ್ಟಿದರು. ಇದರಲ್ಲಿ ಲಿಥಿಯಂ ಲೋಹವೇ ಇಲ್ಲ. ಇರುವುದು ಅಯಾನುಗಳು ಮಾತ್ರ. ಅವು ಉಯ್ಯಾಲೆಯಂತೆ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ತೂಗುತ್ತಿರುತ್ತವೆ. ‘ಲಿಥಿಯಂ-ಅಯಾನ್’ ಎಂಬ ಹೆಸರು ಬಂದದ್ದು ಹೀಗೆ.

ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ತೂಕಕ್ಕೆ ತೂಕ ನೋಡಿದರೆ ಗ್ರ್ಯಾಫೈಟ್ ಹಿಡಿಯುವ ವಿದ್ಯುತ್ತು ಶುದ್ಧ ಲಿಥಿಯಂ ಲೋಹ ಹಿಡಿಯುವುದರ ಹತ್ತನೇ ಒಂದು ಪಾಲು. ಅಂದರೆ ಯೋಶಿನೊ ಅವರು ಕೈಗೆ ಸಿಕ್ಕ ಶಕ್ತಿಯನ್ನು ತಿಳಿದೂ ತಿಳಿದೂ ಬಿಟ್ಟುಕೊಟ್ಟರು. ಅದಕ್ಕೆ ಪ್ರತಿಯಾಗಿ ಏನು ಸಿಕ್ಕಿತು? ಅವರು ತಮ್ಮ ಬ್ಯಾಟರಿಯ ಮೇಲೆ ಕಬ್ಬಿಣದ ದೊಡ್ಡ ತುಂಡನ್ನು ಬೀಳಿಸಿ ನೋಡಿದರು. ಬ್ಯಾಟರಿ ನಜ್ಜುಗುಜ್ಜಾಯಿತೇ ಹೊರತು ಬೆಂಕಿ ಹತ್ತಲಿಲ್ಲ. ಲಿಥಿಯಂ ಲೋಹದ ಬ್ಯಾಟರಿಯ ಮೇಲೆ ಬೀಳಿಸಿದಾಗ ಅದು ಸಿಡಿದುಹೋಯಿತು. ಲಿಥಿಯಂ-ಅಯಾನ್ ಬ್ಯಾಟರಿ ನಿಜವಾಗಿ ಹುಟ್ಟಿದ್ದು ಆ ಕ್ಷಣದಲ್ಲಿ ಎಂದು ಯೋಶಿನೊ ಅವರೇ ಮುಂದೆ ನೆನೆದಿದ್ದಾರೆ.

ಈ ಎಚ್ಚರಿಕೆ ಎಷ್ಟು ಅಗತ್ಯವಿತ್ತು ಎಂಬುದನ್ನು ಅದೇ ಕಾಲದ ಇನ್ನೊಂದು ಘಟನೆ ತೋರಿಸಿತು. ಕೆನಡಾದ ಮೋಲಿ ಎನರ್ಜಿ ಎಂಬ ಕಂಪನಿ ಲಿಥಿಯಂ ಲೋಹವನ್ನೇ ನಂಬಿ, ಮರಳಿ ತುಂಬುವ ಸೆಲ್ಲುಗಳನ್ನು ಮಾರುಕಟ್ಟೆಗೆ ತಂದಿತ್ತು. 1989ರಲ್ಲಿ ಜಪಾನಿನಲ್ಲಿ ಆ ಸೆಲ್ಲುಗಳಿದ್ದ ಫೋನುಗಳಿಗೆ ಬೆಂಕಿ ಹತ್ತಿತು. ಮಾರಿದ ಸೆಲ್ಲುಗಳನ್ನೆಲ್ಲ ಹಿಂದಕ್ಕೆ ಪಡೆಯಬೇಕಾಯಿತು. ಸ್ವಲ್ಪ ಕಾಲದಲ್ಲೇ ಕಂಪನಿ ಮುಳುಗಿತು. ಎರಡು ವರ್ಷದ ನಂತರ, 1991ರಲ್ಲಿ, ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರಾಟಕ್ಕೆ ಬಿಟ್ಟಿತು. ಕಾರಿಗಾಗಿ ಹುಟ್ಟಿದ ಕೂಸು ಬೆಳೆದದ್ದು ವಿಡಿಯೋ ಕ್ಯಾಮೆರಾದ ಮನೆಯಲ್ಲಿ. ಒಂದು ಯೂನಿಟ್ ವಿದ್ಯುತ್ತಿಗೆ ಅದರ ಭಾರ ಸುಮಾರು 12 ಕಿಲೋ. ಸೀಸದ ಭಾರದ ಅರ್ಧಕ್ಕಿಂತ ಕಡಿಮೆ. ಆಮೇಲೆ ಮಡಿಲ ಮೇಲಿನ ಕಂಪ್ಯೂಟರ್, ಕೈಯಲ್ಲಿನ ಮೊಬೈಲ್ ಫೋನು ಇದರ ಬೆಳವಣಿಗೆಯ ಖರ್ಚನ್ನು ಹೊತ್ತವು.

ಕಾರಿನವರು ಈ ಬ್ಯಾಟರಿಯನ್ನು ಹತ್ತಿರ ಸೇರಿಸಿಕೊಳ್ಳಲು ಇನ್ನೂ ಹಲವು ವರ್ಷ ಹಿಡಿಯಿತು. ನಮ್ಮ ಬೆಂಗಳೂರಿನಲ್ಲಿ 2001ರಲ್ಲಿ ಚೇತನ್ ಮೈನಿ ಅವರ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು ರಸ್ತೆಗಿಳಿದಾಗ ಅದರಲ್ಲಿದ್ದುದು ಸೀಸದ ಬ್ಯಾಟರಿಯೇ. ಒಮ್ಮೆ ತುಂಬಿದರೆ ಸುಮಾರು 80 ಕಿಲೋಮೀಟರ್ ಓಟ. ಅದರ ಲಿಥಿಯಂ ರೂಪ ಬಂದದ್ದು 2009ರಲ್ಲಿ. ಅಷ್ಟರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವರು ಒಂದು ವಿಚಿತ್ರ ಪ್ರಯೋಗ ಮಾಡಿದ್ದರು. ಲ್ಯಾಪ್‌ಟಾಪ್ ಕಂಪ್ಯೂಟರಿಗೆ ಹಾಕುವ ಬೆರಳುದ್ದದ ಸೆಲ್ಲುಗಳನ್ನೇ ಸಾವಿರಗಟ್ಟಲೆ ಜೋಡಿಸಿ ಕಾರು ಓಡಿಸಿದರು. 2008ರಲ್ಲಿ ಹೊರಬಂದ ಟೆಸ್ಲಾ ರೋಡ್‌ಸ್ಟರ್ ಕಾರಿನಲ್ಲಿ ಅಂತಹ 6,831 ಸೆಲ್ಲುಗಳಿದ್ದವು. 53 ಯೂನಿಟ್ ಶಕ್ತಿ, ಸುಮಾರು 450 ಕಿಲೋ ಭಾರ, 390 ಕಿಲೋಮೀಟರ್‌ಗಳಷ್ಟು ಓಟ. 2010ರ ಕೊನೆಗೆ ಜಪಾನಿನ ನಿಸಾನ್ ಕಂಪನಿಯ ಲೀಫ್ ಕಾರು ಸಾಮಾನ್ಯ ಕುಟುಂಬಗಳ ಅಂಗಳಕ್ಕೆ ಬಂತು. ಶಿಕಾಗೋದ ಪ್ರದರ್ಶನವಾಗಿ ಮೂವತ್ತು ವರ್ಷ ಕಳೆದ ಮೇಲೆ ಕೂಸು ತನ್ನ ಸ್ವಂತ ಮನೆಗೆ ಮರಳಿತ್ತು.

ಅಲ್ಲಿಂದ ಮುಂದೆ ದಾರಿ ಎರಡಾಗಿ ಕವಲೊಡೆಯಿತು. ಒಂದು ದಾರಿಯವರು ದುಬಾರಿ ಕೋಬಾಲ್ಟನ್ನು ಕಡಿಮೆ ಮಾಡಿ ನಿಕ್ಕಲ್, ಮ್ಯಾಂಗನೀಸ್ ಸೇರಿಸಿದರು. ಹೀಗೆ ತಯಾರಾದ ಈಗಿನ ಉತ್ತಮ ಸೆಲ್ಲುಗಳಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 4 ಕಿಲೋ ಸಾಕು. ಇನ್ನೊಂದು ದಾರಿಯದು ಕಬ್ಬಿಣ. ಆಕ್ಸ್‌ಫರ್ಡಿನಿಂದ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋದ ಗುಡ್‌ಇನಫ್, 1997ರಲ್ಲಿ ಲಿಥಿಯಂ ಕಬ್ಬಿಣ ಫಾಸ್ಫೇಟ್ ಎಂಬ ವಸ್ತುವಿನ ಬಗ್ಗೆ ಪ್ರಬಂಧ ಪ್ರಕಟಿಸಿದರು. ಆ ಪ್ರಬಂಧದಲ್ಲಿ ಅವರೊಂದಿಗೆ ಇರುವ ಹೆಸರುಗಳು ಅಕ್ಷಯ ಪಾಢಿ ಮತ್ತು ಕೆ. ಎಸ್. ನಂಜುಂಡಸ್ವಾಮಿ. ನಂಜುಂಡಸ್ವಾಮಿ ಎಂಬ ಹೆಸರು ಕನ್ನಡಿಗರ ಕಿವಿಗೆ ಎಷ್ಟು ಪರಿಚಿತವೆಂದು ಬೇರೆ ಹೇಳಬೇಕಾಗಿಲ್ಲ. ಇದಕ್ಕೆ ಹಿನ್ನೆಲೆಯಾದ ಸಂಶೋಧನೆಯನ್ನು 1980ರ ದಶಕದಲ್ಲೇ ಗುಡ್‌ಇನಫ್ ಅವರೊಂದಿಗೆ ಮಾಡಿದವರು ತಮಿಳುನಾಡಿನ ಹಳ್ಳಿಯೊಂದರಲ್ಲಿ ಹುಟ್ಟಿ ಮದ್ರಾಸಿನ ಐ.ಐ.ಟಿ.ಯಲ್ಲಿ ಓದಿದ ಆರುಮುಗಂ ಮಂತಿರಂ.

ಈ ಕಬ್ಬಿಣದ ಬ್ಯಾಟರಿಯ ಒತ್ತಡ ಸುಮಾರು 3.4 ವೋಲ್ಟ್, ಕೋಬಾಲ್ಟಿನದಕ್ಕಿಂತ ಕಡಿಮೆ. ಮೊದಮೊದಲು ಅದರಲ್ಲಿ ವಿದ್ಯುತ್ ಸರಾಗವಾಗಿ ಹರಿಯುತ್ತಲೂ ಇರಲಿಲ್ಲ; ಕಣಗಳಿಗೆ ಇಂಗಾಲದ ತೆಳು ಲೇಪ ಕೊಟ್ಟು ಆ ಕೊರತೆ ನೀಗಿಸಿದರು. ಆದರೆ ಅದರ ಗುಣ ಬೇರೆ. ಅದರಲ್ಲಿ ಆಮ್ಲಜನಕವು ರಂಜಕದೊಂದಿಗೆ ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ಬಿಸಿಯಾದರೂ ಸುಲಭವಾಗಿ ಹೊರಬಂದು ಬೆಂಕಿಗೆ ಗಾಳಿ ಹಾಕುವುದಿಲ್ಲ. ಕಬ್ಬಿಣ ಅಗ್ಗ, ಬಾಳಿಕೆ ಹೆಚ್ಚು. ಇಲ್ಲಿಯೂ ಅದೇ ಮಾತು, ಸ್ವಲ್ಪ ಶಕ್ತಿ ಬಿಟ್ಟುಕೊಟ್ಟು ನೆಮ್ಮದಿ ಪಡೆದರು. 2024ರ ಹೊತ್ತಿಗೆ ಜಗತ್ತಿನ ವಿದ್ಯುತ್ ವಾಹನಗಳ ಬ್ಯಾಟರಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಬಗೆಯವೇ ಆಗಿದ್ದವು. ಒಂದು ಯೂನಿಟ್ ಶಕ್ತಿ ಹಿಡಿಯುವ ಬ್ಯಾಟರಿಗೆ 2010ರಲ್ಲಿ ಸಾವಿರ ಡಾಲರಿಗೂ ಮೇಲಿದ್ದ ಸರಾಸರಿ ಬೆಲೆ, 2024ರಲ್ಲಿ ಸುಮಾರು 115 ಡಾಲರಿಗೆ ಇಳಿದಿತ್ತು.

ಕೋಬಾಲ್ಟನ್ನು ಬಿಡಬೇಕೆಂಬುದಕ್ಕೆ ಬೆಲೆಯೊಂದೇ ಕಾರಣವಲ್ಲ. ಜಗತ್ತಿನ ಕೋಬಾಲ್ಟಿನ ಬಹುಪಾಲು ಆಫ್ರಿಕದ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಅಲ್ಲಿ ಮಕ್ಕಳು ಕೂಡ ಕೈಯಿಂದ ಮಣ್ಣು ತೋಡಿ ಅದಿರು ಹೆಕ್ಕಿರುವುದು ದಾಖಲಾಗಿದೆ. ಹೊಗೆಯಿಲ್ಲದ ಗಾಡಿ ಏರುವಾಗ ನಾವು ಆ ಕೈಗಳನ್ನು ಮರೆಯುವುದು ನ್ಯಾಯವಲ್ಲ.

ಇನ್ನು ನಮ್ಮ ಮನೆಯ ಬಾಗಿಲಿಗೇ ಬಂದ ಮಾತು. 2022ರ ಬೇಸಗೆಯಲ್ಲಿ ನಮ್ಮ ದೇಶದ ಹಲವು ಊರುಗಳಲ್ಲಿ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಸುದ್ದಿಯನ್ನು ನೀವು ಕೇಳಿರುತ್ತೀರಿ. ಕೆಲವೆಡೆ ಪ್ರಾಣಹಾನಿಯೂ ಆಯಿತು. ಆಮೇಲೆ ಕೇಂದ್ರ ಸರ್ಕಾರ ಬ್ಯಾಟರಿಗಳ ಪರೀಕ್ಷಾ ನಿಯಮಗಳನ್ನು ಬಿಗಿಗೊಳಿಸಿ, 2022ರ ಡಿಸೆಂಬರ್ ಹಾಗೂ 2023ರ ಮಾರ್ಚ್ ಕೊನೆಯಿಂದ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಒಂದು ಸೆಲ್ಲು ಬಿಸಿಯಾದರೆ ಆ ಬಿಸಿ ಪಕ್ಕದ ಸೆಲ್ಲಿಗೆ ದಾಟದಂತೆ ನೋಡಿಕೊಳ್ಳುವುದು, ಅಪಾಯದ ಮುನ್ಸೂಚನೆ ಕೊಡುವುದು ಈ ನಿಯಮಗಳ ತಿರುಳು. ಇಷ್ಟು ದೂರ ಈ ಚರಿತ್ರೆಯನ್ನು ಓದಿದ ನಿಮಗೆ ಇದು ಹೊಸದೆನಿಸಲಾರದು. ಎಕ್ಸಾನ್ ಪ್ರಯೋಗಾಲಯದಲ್ಲಿ, ಜಪಾನಿನ ಫೋನಿನಲ್ಲಿ ಕಲಿತ ಪಾಠವನ್ನೇ ನಾವು ಮತ್ತೊಮ್ಮೆ ಕಲಿಯಬೇಕಾಯಿತು. ಆದ್ದರಿಂದ ಸ್ಕೂಟರ್ ಕೊಂಡವರು ಗಾಡಿಯೊಂದಿಗೆ ಬಂದ ಚಾರ್ಜರನ್ನೇ ಬಳಸಿ. ಪೆಟ್ಟುಬಿದ್ದ ಅಥವಾ ಉಬ್ಬಿದ ಬ್ಯಾಟರಿಯನ್ನು ಮಲಗುವ ಕೋಣೆಯಲ್ಲಿ ಇಡಬೇಡಿ. ಅಗ್ಗಕ್ಕೆ ಸಿಕ್ಕಿತೆಂದು ಗುರುತು ಪರಿಚಯವಿಲ್ಲದ ಸೆಲ್ಲುಗಳನ್ನು ಜೋಡಿಸಿಕೊಳ್ಳಬೇಡಿ.

ಹಾಗಾದರೆ ಜಗ್ಗಾಟ ಮುಗಿಯಿತೇ? ಇಲ್ಲ. ಒಮ್ಮೆ ಬಿಟ್ಟುಕೊಟ್ಟ ಲಿಥಿಯಂ ಲೋಹವನ್ನೇ ಮತ್ತೆ ಒಳಗೆ ಕರೆಯಲು ಇಂದು ಹಲವು ದೇಶಗಳ ವಿಜ್ಞಾನಿಗಳು ದುಡಿಯುತ್ತಿದ್ದಾರೆ. ಈಗಿನ ಬ್ಯಾಟರಿಯಲ್ಲಿ ಎರಡು ತುದಿಗಳ ನಡುವೆ ಹೊತ್ತಿಕೊಳ್ಳುವ ದ್ರವವಿದೆ. ಅದರ ಬದಲು ಗಟ್ಟಿ ಪದಾರ್ಥವನ್ನು ಇಟ್ಟರೆ ಲೋಹದ ಎಳೆಗಳನ್ನು ತಡೆಯಬಹುದೇ ಎಂಬುದು ಪ್ರಶ್ನೆ. ಗಟ್ಟಿ ಪದಾರ್ಥದ ಸಣ್ಣ ಬಿರುಕುಗಳಲ್ಲೂ ಎಳೆ ನುಸುಳುತ್ತದೆ ಎಂಬುದು ಈಗಾಗಲೇ ಕಂಡಿದೆ. ಅರಳಿಯ ಬೇರು ಅಷ್ಟು ಸುಲಭವಾಗಿ ಸೋಲುವುದಿಲ್ಲ.

2019ರಲ್ಲಿ ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಶಿನೊ ಮೂವರಿಗೂ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ. ಅಷ್ಟು ವಯಸ್ಸಿನಲ್ಲಿ ನೊಬೆಲ್ ಪಡೆದವರು ಅವರಿಗೆ ಮೊದಲು ಯಾರೂ ಇರಲಿಲ್ಲ. ಸ್ಟಾಕ್‌ಹೋಮಿನಲ್ಲಿ ಅವರ ಪರವಾಗಿ ನೊಬೆಲ್ ಉಪನ್ಯಾಸ ಕೊಟ್ಟವರು ಅದೇ ಆರುಮುಗಂ ಮಂತಿರಂ. ಎಂಬತ್ತು, ತೊಂಬತ್ತು ದಾಟಿದ ಮೇಲೂ ಬ್ಯಾಟರಿಯ ಸಂಶೋಧನೆ ಬಿಡದಿದ್ದ ಆ ಹಿರಿಯರು 2023ರ ಜೂನ್ 25ರಂದು, ನೂರು ತುಂಬಿದ ಮೇಲೆ, ತೀರಿಕೊಂಡರು.

ಇಂಗ್ಲೆಂಡಿನಲ್ಲಿ ಹುಟ್ಟಿದವರು ಅಮೆರಿಕದಲ್ಲಿ ತೊಡಗಿದ ಕೆಲಸವನ್ನು ಅಮೆರಿಕದವರು ಇಂಗ್ಲೆಂಡಿನಲ್ಲಿ ಮುಂದುವರಿಸಿದರು. ಮೊರಾಕೋದವರು ಫ್ರಾನ್ಸಿನಲ್ಲಿ ಒಂದು ಎಳೆ ಸೇರಿಸಿದರು, ಜಪಾನಿನವರು ಗಂಟು ಹಾಕಿದರು, ತಮಿಳುನಾಡಿನ ಹಳ್ಳಿಯವರು ಟೆಕ್ಸಾಸಿನಲ್ಲಿ ಅದಕ್ಕೆ ಕೈಗೂಡಿಸಿದರು. ಗಡಿಯಲ್ಲಿ ಬಾಳುವ ನಮಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಕೆಲಸಕ್ಕೆ ಗಡಿಯಿಲ್ಲ ಎಂಬುದನ್ನು ಹೊಸೂರಿನ ಕಾರ್ಖಾನೆಯ ಬಾಗಿಲಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಕೇಳಿಬರುವ ನಾಲ್ಕಾರು ಭಾಷೆಗಳೇ ಹೇಳುತ್ತವೆ. ಮುಂದಿನ ಸಲ ಸದ್ದಿಲ್ಲದೆ ಒಂದು ಸ್ಕೂಟರ್ ನಿಮ್ಮ ಪಕ್ಕದಲ್ಲಿ ಹಾದುಹೋದಾಗ, ಬಿಸಿಲಿಗಿಟ್ಟ ಆ ಹಳೆಯ ಸೆಲ್ಲುಗಳನ್ನು ಒಮ್ಮೆ ನೆನೆಯಿರಿ. ತೀರಿದ್ದನ್ನು ಮರಳಿ ತುಂಬುವ ಹಂಬಲ ಆ ಜಗಲಿಯ ಮೇಲೂ ಇತ್ತು. ಎಷ್ಟನ್ನು ಹಿಡಿಯಬೇಕು, ಎಷ್ಟನ್ನು ಬಿಡಬೇಕು ಎಂಬುದು ತಿಳಿಯಲು ಮಾತ್ರ ಐವತ್ತು ವರ್ಷ ಬೇಕಾಯಿತು.